ಹಾಡಿನ ದೃಶ್ಯಪಾಠ: ಮಾಧ್ಯಮ ತರಗತಿಯ ಮ್ಯೂಸಿಕ್ ವಿಡಿಯೊ ಮತ್ತು ಕನ್ನಡ ವಿಭಾಗದ ಹೊಣೆ

ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ತರಗತಿಗಳಲ್ಲಿ ವಿದ್ಯಾರ್ಥಿಗಳು ಗುಂಪುಗೂಡಿ ಒಂದು ಹಾಡನ್ನು ಆರಿಸಿಕೊಂಡು, ಅದನ್ನು ಚಿತ್ರೀಕರಿಸಿ, ಸಂಕಲಿಸಿ, ಪ್ರಾಯೋಗಿಕ ಕೃತಿಯಾಗಿ ಒಪ್ಪಿಸುವುದು ಇಂದು ಅಪರೂಪದ ಸಂಗತಿಯಲ್ಲ. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಆಲ್ಬಂ ಸಾಂಗ್’. ಆರಿಸಿಕೊಂಡ ಹಾಡು ಕನ್ನಡದ ಭಾವಗೀತೆಯೋ ತತ್ವಪದವೋ ಜನಪದ ಗೀತೆಯೋ ಆಗಿದ್ದಾಗಲೂ ಮೌಲ್ಯಮಾಪನದ ಅಂಕಗಳು ಹಂಚಿಕೆಯಾಗುವುದು ಕ್ಯಾಮೆರಾದ ಸ್ಥಿರತೆ, ಬೆಳಕಿನ ಹದ, ತುಟಿಚಲನೆಯ ಹೊಂದಾಣಿಕೆ, ಸಂಕಲನದ ಲಯ ಇವುಗಳಿಗೆ. ಹಾಡು ಅರ್ಥವಾಗಿದೆಯೇ ಎಂಬ ಪ್ರಶ್ನೆಗೆ ಅಲ್ಲಿ ಅಂಕವಿರುವುದು ವಿರಳ. ಅದೇ ಕಟ್ಟಡದಲ್ಲಿರುವ ಕನ್ನಡ ವಿಭಾಗವನ್ನು ಈ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ವಿಭಾಗವೂ ತಾನಾಗಿ ವಿಚಾರಿಸುವುದಿಲ್ಲ. ಈ ಪರಸ್ಪರ ಮೌನದಿಂದ ಎರಡೂ ಶಿಸ್ತುಗಳಿಗೆ ನಷ್ಟವಾಗುತ್ತಿದೆ. ಕವಿತೆಯೊಂದನ್ನು ದೃಶ್ಯವಾಗಿಸುವುದು ಮೂಲತಃ ವ್ಯಾಖ್ಯಾನದ ಕೆಲಸ. ವ್ಯಾಖ್ಯಾನವನ್ನು ಕಲಿಸುವ ಹೊಣೆ ಕನ್ನಡ ವಿಭಾಗದ್ದು.

ಕನ್ನಡ ಕವಿತೆ ದೃಶ್ಯವಾಗುವುದು ಹೊಸತೇನಲ್ಲ. ಬೇಂದ್ರೆಯವರ ‘ಗರಿ’ (1932) ಸಂಕಲನದ ‘ಬೆಳಗು’ ಕವಿತೆಯನ್ನು ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ (1967) ಚಿತ್ರದಲ್ಲಿ ಅಳವಡಿಸಿದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಭಾವಗೀತೆ ಪುಸ್ತಕದಿಂದ ಮನೆಮನೆಯ ಟೇಪ್‌ರೆಕಾರ್ಡರಿಗೆ ಬಂತು. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ (1990) ತತ್ವಪದಗಳನ್ನು ಒಬ್ಬ ವ್ಯಕ್ತಿಯ ಬಾಳಿನ ಘಟನೆಗಳೊಡನೆ ಜೋಡಿಸಿತು. ಅವರದೇ ‘ಮೈಸೂರು ಮಲ್ಲಿಗೆ’ (1992) ಚಿತ್ರ ಕೆ.ಎಸ್. ನರಸಿಂಹಸ್ವಾಮಿಯವರ ಬಿಡಿ ಕವಿತೆಗಳನ್ನು ಒಂದು ಕಥೆಯ ಎಳೆಯಲ್ಲಿ ಪೋಣಿಸಿತು. ಈ ಎರಡೂ ಚಿತ್ರಗಳ ಸಂಗೀತ ಸಿ. ಅಶ್ವತ್ಥ್ ಅವರದು. ಕವಿತೆಗೆ ಹಿಂದಿಲ್ಲದ ಒಂದು ಮುಖ, ಒಂದು ಊರು, ಒಂದು ಕಾಲ ಹೀಗೆ ಪ್ರಾಪ್ತವಾದವು. 1942ರ ಸಂಕಲನದ ಓದುಗ ತನ್ನ ಮನಸ್ಸಿನಲ್ಲಿ ಚಿತ್ರಿಸಿಕೊಂಡ ದಂಪತಿಗಳಿಗೂ 1992ರ ಪ್ರೇಕ್ಷಕ ತೆರೆಯ ಮೇಲೆ ಕಂಡ ದಂಪತಿಗಳಿಗೂ ನಡುವೆ ಅಂತರವಿದೆ. ಆ ಅಂತರದಲ್ಲಿ ಏನು ದಕ್ಕಿತು, ಏನು ಕಳೆಯಿತು ಎಂದು ಕೇಳುವುದು ಸಾಹಿತ್ಯ ವಿಮರ್ಶೆಯ ಕೆಲಸ. ಈಗ ವಿದ್ಯಾರ್ಥಿಯೂ ಮೊಬೈಲು ಹಿಡಿದು ಅದೇ ಅಂತರವನ್ನು ದಾಟುತ್ತಿದ್ದಾನೆ, ದಾಟುತ್ತಿದ್ದಾಳೆ. ಪ್ರಶ್ನೆ ಕೇಳುವವರು ಮಾತ್ರ ಜೊತೆಗಿಲ್ಲ.

ಈ ಕೆಲಸದಲ್ಲಿ ಎಷ್ಟು ನಿರ್ಧಾರಗಳು ಅಡಗಿವೆ ಎಂಬುದನ್ನು ಮೊದಲು ಗಮನಿಸಬೇಕು. ನಾಲ್ಕು ನಿಮಿಷದ ಹಾಡೊಂದು ಸೆಕೆಂಡಿಗೆ 25 ಚೌಕಟ್ಟುಗಳ ಲೆಕ್ಕದಲ್ಲಿ 6,000 ಚೌಕಟ್ಟುಗಳಾಗುತ್ತದೆ. ಸರಾಸರಿ ಮೂರು ಸೆಕೆಂಡಿಗೊಂದು ಶಾಟ್ ಎಂದರೆ 80 ಶಾಟ್‌ಗಳು, 79 ಕಟ್‌ಗಳು. ಧ್ವನಿಮುದ್ರಿತ ಹಾಡನ್ನು ಸ್ಥಳದಲ್ಲಿ ನುಡಿಸಿ, ಹಾಡುವವರು ಅದಕ್ಕೆ ತುಟಿ ಹೊಂದಿಸುವಂತೆ ಮಾಡಿ, ಇಡೀ ಹಾಡನ್ನೋ ಒಂದೊಂದು ನುಡಿಯನ್ನೋ ಹಲವು ಕೋನಗಳಿಂದ ಮತ್ತೆ ಮತ್ತೆ ಚಿತ್ರೀಕರಿಸಲಾಗುತ್ತದೆ. ಬಳಿಕ ಸಂಕಲನದ ಮೇಜಿನ ಮೇಲೆ ಆ ಎಲ್ಲ ಟೇಕ್‌ಗಳನ್ನೂ ಹಾಡಿನ ಧ್ವನಿಪಥದ ಕೆಳಗೆ ಜೋಡಿಸಿ, ಯಾವ ಸಾಲಿಗೆ ಯಾವ ಟೇಕ್ ಎಂದು ಆರಿಸಲಾಗುತ್ತದೆ. ಈ 79 ಕಟ್‌ಗಳಲ್ಲಿ ಪ್ರತಿಯೊಂದೂ ಸಾಲಿನ ಅರ್ಥ ಎಲ್ಲಿ ಮುಗಿಯಿತು, ಎಲ್ಲಿ ಮುಂದುವರಿಯಿತು ಎಂಬುದರ ಕುರಿತ ತೀರ್ಪು. ತೀರ್ಪು ಕೊಟ್ಟವರಿಗೆ ತಾವು ಕೊಟ್ಟದ್ದು ತೀರ್ಪೆಂದು ತಿಳಿದಿರಬೇಕು. ಇಲ್ಲವಾದರೆ ತಬಲದ ಪೆಟ್ಟೇ ಅರ್ಥದ ಯಜಮಾನನಾಗಿಬಿಡುತ್ತದೆ.

ಇಲ್ಲಿ ಛಂದಸ್ಸಿನ ಪಾಠ ಅನಿರೀಕ್ಷಿತವಾಗಿ ಉಪಯೋಗಕ್ಕೆ ಬರುತ್ತದೆ. ತ್ರಿಪದಿಯನ್ನು ಓದುವಾಗ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮರಳಿ ಹಾಡಿ ಮೂರನೆಯದಕ್ಕೆ ಹೋಗುವ ರೂಢಿಯಿದೆ. ಆ ಪುನರುಕ್ತಿ ಬರಿಯ ಭರ್ತಿಯಲ್ಲ. ಮೂರನೆಯ ಸಾಲಿನಲ್ಲಿ ಬರಲಿರುವ ತಿರುವಿಗೆ ಕೇಳುಗರನ್ನು ಕಾಯಿಸುವ ಉಪಾಯ. ಮರಳಿ ಬರುವ ಸಾಲಿಗೆ ಅದೇ ದೃಶ್ಯವನ್ನು ಮುಂದುವರಿಸಬೇಕೇ, ಹೊಸ ದೃಶ್ಯವನ್ನು ತರಬೇಕೇ? ಹೊಸತನ್ನು ತಂದರೆ ಕಾಯುವಿಕೆ ಒಡೆಯುತ್ತದೆ. ಅದೇ ಮುಖದ ಮೇಲೆ ಕ್ಯಾಮೆರಾ ನಿಂತರೆ ಕಾಯುವಿಕೆ ಗಟ್ಟಿಯಾಗುತ್ತದೆ. ಯಾವುದು ಸರಿ ಎಂಬುದು ಆಯಾ ತ್ರಿಪದಿಯನ್ನು ಅವಲಂಬಿಸಿದ ಮಾತು. ಆದರೆ ಪ್ರಶ್ನೆ ಹುಟ್ಟಬೇಕಾದರೆ ತ್ರಿಪದಿಯ ರಚನೆ ತಿಳಿದಿರಬೇಕು. ಗಣವಿಂಗಡಣೆಯನ್ನು ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡಿ ಮರುದಿನ ಮರೆಯುವ ವಿದ್ಯಾರ್ಥಿಗೆ, ಅದೇ ಗಣ ತನ್ನ ಕಟ್‌ನ ಜಾಗವನ್ನು ನಿರ್ಧರಿಸುತ್ತದೆಂದು ತೋರಿಸಿಕೊಟ್ಟರೆ ಛಂದಸ್ಸು ಬದುಕಿರುವ ವಿದ್ಯೆಯಾಗಿ ಕಂಡೀತು.

ವಸ್ತುವಿನ ಪ್ರಶ್ನೆ ಇದಕ್ಕಿಂತಲೂ ಗಂಭೀರವಾದುದು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ (1931) ಮೊದಲಾದ ಸಂಕಲನಗಳಲ್ಲಿನ ಬೀಸುವ ಪದಗಳನ್ನು ನೆನೆಯಬಹುದು. ಅವು ಬೆಳಗಿನ ಜಾವದಲ್ಲಿ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ದುಡಿಮೆಯಿಂದ ಹುಟ್ಟಿದವು. ಕಲ್ಲಿನ ಸುತ್ತೇ ಅವುಗಳ ತಾಳ. ಉಸಿರಿನ ಏರಿಳಿತವೇ ಅವುಗಳ ಯತಿ. ಅದೇ ಹಾಡಿಗೆ ಹೊಸ ಇಳಕಲ್ ಸೀರೆ, ಹೂವಿನ ಅಲಂಕಾರ ಮಾಡಿದ ಬೀಸುವ ಕಲ್ಲು, ನಿಧಾನಗತಿಯಲ್ಲಿ ನಗುವ ಮುಖ ಜೊತೆಯಾದಾಗ ಹಾಡಿನಿಂದ ದುಡಿಮೆ ತೊಲಗಿ ಅಲಂಕಾರ ಉಳಿಯುತ್ತದೆ. ತವರಿನ ಹಂಬಲ, ಅತ್ತೆಮನೆಯ ಅಳುಕು, ದಣಿವು ಇವೆಲ್ಲ ಬಣ್ಣದ ಹಿಂದೆ ಸರಿಯುತ್ತವೆ. ಇದು ತಾಂತ್ರಿಕ ದೋಷವಲ್ಲ. ತಾಂತ್ರಿಕವಾಗಿ ಅಂಥ ವಿಡಿಯೊಗೆ ಪೂರ್ಣಾಂಕ ಸಿಗಬಹುದು. ಇದು ಓದಿನ ದೋಷ. ಜಾನಪದ ಅಧ್ಯಯನದಲ್ಲಿ ಹಾಡಿನ ಸಂದರ್ಭಕ್ಕೆ ಸಲ್ಲುವ ಮಹತ್ವವನ್ನು ಬಲ್ಲ ಅಧ್ಯಾಪಕರೊಬ್ಬರು ಚಿತ್ರೀಕರಣಕ್ಕೆ ಮೊದಲೇ ಒಂದು ಗಂಟೆ ಜೊತೆಗೆ ಕುಳಿತರೆ ತಪ್ಪಿಸಬಹುದಾದ ದೋಷ.

ತತ್ವಪದದ ಸಮಸ್ಯೆ ಬೇರೆ ಬಗೆಯದು. ಷರೀಫರ (1819–1889) ಬೆಡಗಿನ ಪದವೊಂದರಲ್ಲಿ ಕೋಳಿಯು ಕೋಡಗವನ್ನು ನುಂಗುತ್ತದೆ. ಇದನ್ನು ಗ್ರಾಫಿಕ್ಸ್‌ನಲ್ಲಿ ತೋರಿಸುವುದು ಈಗ ಕಷ್ಟವಲ್ಲ. ಪದಗಳಲ್ಲಿ ಅಪ್ಪಣೆ ಕೊಟ್ಟರೆ ದೃಶ್ಯವನ್ನು ತಾನೇ ತಯಾರಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ವಿದ್ಯಾರ್ಥಿಗಳ ಕೈಯಲ್ಲಿವೆ. ಆದರೆ ನುಂಗುವುದನ್ನು ಇದ್ದಕ್ಕಿದ್ದಂತೆ ತೋರಿಸಿದೊಡನೆ ಒಗಟು ಸತ್ತುಹೋಗುತ್ತದೆ. ವಿನೋದ ಮಾತ್ರ ಉಳಿಯುತ್ತದೆ. ಮ್ಯೂಸಿಕ್ ವಿಡಿಯೊ ಕುರಿತ ಅಧ್ಯಯನದಲ್ಲಿ ಆಂಡ್ರ್ಯೂ ಗುಡ್‌ವಿನ್ ಅವರ 1992ರ ಕೃತಿ ಪ್ರಸಿದ್ಧವಾದುದು. ಹಾಡಿಗೂ ದೃಶ್ಯಕ್ಕೂ ಇರುವ ಸಂಬಂಧವನ್ನು ಅವರು ಮೂರು ಬಗೆಯಾಗಿ ಕಾಣುತ್ತಾರೆ: ಹಾಡಿನ ಮಾತನ್ನೇ ದೃಶ್ಯ ತೋರಿಸುವುದು, ಆ ಮಾತಿಗೆ ಹೊಸ ಅರ್ಥವನ್ನು ಸೇರಿಸಿ ಬೆಳೆಸುವುದು, ಮಾತಿಗೂ ದೃಶ್ಯಕ್ಕೂ ಸಂಬಂಧವೇ ತೋರದಂತೆ ಅಥವಾ ವಿರೋಧ ತೋರುವಂತೆ ಮಾಡುವುದು. ಮಾಧ್ಯಮ ತರಗತಿಗಳಲ್ಲಿ ಈ ವಿಂಗಡಣೆ ಪರಿಚಿತವಾದುದೇ. ಕನ್ನಡ ವಿಭಾಗದ ಬಳಿ ಇದಕ್ಕಿಂತ ಸೂಕ್ಷ್ಮವಾದ ಉಪಕರಣವಿದೆ. ವಾಚ್ಯ, ಲಕ್ಷ್ಯ, ವ್ಯಂಗ್ಯ ಎಂಬ ಅರ್ಥಸ್ತರಗಳನ್ನೂ ಆನಂದವರ್ಧನನ ಧ್ವನಿವಿಚಾರವನ್ನೂ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಕನ್ನಡ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದಿದ್ದಾರೆ. ದೃಶ್ಯವು ವಾಚ್ಯಾರ್ಥವನ್ನೇ ಮತ್ತೆ ಹೇಳಿದರೆ ಧ್ವನಿಗೆ ಅವಕಾಶವೆಲ್ಲಿ ಎಂಬ ಒಂದೇ ಪ್ರಶ್ನೆ ಸಂಕಲನದ ಮೇಜಿನ ಮುಂದೆ ಕುಳಿತವರಿಗೆ ಹತ್ತು ನಿಯಮಗಳಿಗಿಂತ ಹೆಚ್ಚು ನೆರವಾಗಬಲ್ಲದು.

ಇದಕ್ಕೂ ಹತ್ತಿರದ ನಂಟೊಂದು ಗ್ರಂಥಸಂಪಾದನ ಶಾಸ್ತ್ರದೊಡನೆ ಇದೆ. ಓಲೆಗರಿಯ ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು, ಒಂದೊಂದು ಪದಕ್ಕೂ ಸಿಗುವ ಪಾಠಾಂತರಗಳನ್ನು ತೂಗಿ, ಒಂದನ್ನು ಸ್ವೀಕರಿಸಿ, ಉಳಿದವನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುವುದು ಸಂಪಾದಕರ ಕ್ರಮ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಈ ಶಿಸ್ತನ್ನು ಕನ್ನಡದಲ್ಲಿ ನೆಲೆಗೊಳಿಸಿದ ಕೃತಿ. ವಿಡಿಯೊ ಸಂಕಲನಕಾರರೂ ಒಂದೇ ಸಾಲಿನ ಐದಾರು ಟೇಕ್‌ಗಳಲ್ಲಿ ಒಂದನ್ನು ಆರಿಸುತ್ತಾರೆ. ವ್ಯತ್ಯಾಸವಿಷ್ಟೆ: ಗ್ರಂಥಸಂಪಾದಕರು ಬಿಟ್ಟದ್ದನ್ನೂ ಬಿಟ್ಟುದಕ್ಕೆ ಕಾರಣವನ್ನೂ ಓದುಗರಿಗೆ ತಿಳಿಸುತ್ತಾರೆ, ಸಂಕಲನಕಾರರು ಬಿಟ್ಟದ್ದು ಹಾರ್ಡ್‌ಡಿಸ್ಕಿನಲ್ಲೇ ಅಳಿದುಹೋಗುತ್ತದೆ. ವಿದ್ಯಾರ್ಥಿಯ ಕಲಿಕೆ ಇರುವುದು ಆ ಬಿಟ್ಟ ಭಾಗದಲ್ಲಿ. ಇದಲ್ಲದೆ ಮೌಖಿಕ ಪರಂಪರೆಯಲ್ಲಿ ಉಳಿದು ಬಂದ ತತ್ವಪದಗಳಿಗೆ ನಿಜವಾದ ಪಾಠಾಂತರಗಳೂ ಇರುತ್ತವೆ. ಕ್ಯಾಸೆಟ್ಟಿನಲ್ಲಿ ಕೇಳಿದ ಪಾಠವೇ ಮೂಲವೆಂದು ನಂಬಿ ಚಿತ್ರೀಕರಣಕ್ಕೆ ಹೊರಡುವ ಮುನ್ನ ಮುದ್ರಿತ ಸಂಗ್ರಹಗಳನ್ನು ಹೋಲಿಸಿ ನೋಡುವ ಅಭ್ಯಾಸವನ್ನು ಕಲಿಸಬೇಕಾದವರು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರವಣಿಗೆಯ ಈ ಅಂಗವನ್ನು ಇಂಗ್ಲೆಂಡಿನ ಶಾಲಾ ಶಿಕ್ಷಣ ಮೊದಲೇ ಗುರುತಿಸಿತ್ತು. ಅಲ್ಲಿನ ಎ-ಲೆವೆಲ್ ಮಾಧ್ಯಮ ಅಧ್ಯಯನದಲ್ಲಿ ಮ್ಯೂಸಿಕ್ ವಿಡಿಯೊ ಬಹುಕಾಲದಿಂದ ಜನಪ್ರಿಯ ಪ್ರಾಯೋಗಿಕ ಕೃತಿ. ಓಸಿಆರ್ ಪರೀಕ್ಷಾ ಮಂಡಳಿಯ 2008ರ ಪಠ್ಯಕ್ರಮದಲ್ಲಿ ವಿಡಿಯೊ ಮಾಡಿದ ವಿದ್ಯಾರ್ಥಿ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು: ಪ್ರಚಲಿತ ಪ್ರಕಾರದ ರೂಢಿಗಳನ್ನು ಹೇಗೆ ಬಳಸಿತು ಅಥವಾ ಮೀರಿತು, ಮುಖ್ಯ ಕೃತಿಯೂ ಪೂರಕ ಕೃತಿಗಳೂ ಹೇಗೆ ಕೂಡಿಬಂದವು, ಪ್ರೇಕ್ಷಕರ ಪ್ರತಿಕ್ರಿಯೆಯಿಂದ ಕಲಿತದ್ದೇನು, ತಂತ್ರಜ್ಞಾನವನ್ನು ಹೇಗೆ ಬಳಸಲಾಯಿತು. 2017ರಿಂದ ಬೋಧನೆಗೆ ಬಂದ ಹೊಸ ಪಠ್ಯಕ್ರಮದಲ್ಲಿ ಪ್ರಾಯೋಗಿಕ ಭಾಗದ ತೂಕ ಶೇ. 30ಕ್ಕೆ ಇಳಿಯಿತು, ಆದರೂ ಉದ್ದೇಶವನ್ನು ಲಿಖಿತವಾಗಿ ನಿರೂಪಿಸುವ ಕಡ್ಡಾಯ ಉಳಿಯಿತು. ಈ ಕ್ರಮ ಅನುಕರಣೀಯ. ಆದರೆ ಆ ನಾಲ್ಕು ಪ್ರಶ್ನೆಗಳಲ್ಲಿ ಒಂದೂ ಹಾಡಿನ ಮಾತಿನ ಅರ್ಥವನ್ನು ನೇರವಾಗಿ ಕೇಳುವುದಿಲ್ಲ. ಪಾಪ್ ಸಂಗೀತದ ಉದ್ಯಮವನ್ನು ಮನಸ್ಸಿನಲ್ಲಿಟ್ಟುಕೊಂಡ ಪಠ್ಯಕ್ರಮಕ್ಕೆ ಅದು ಅಗತ್ಯವಾಗಿ ತೋರದೆ ಇದ್ದಿರಬಹುದು. ಕವಿತೆಯೇ ಹಾಡಾಗಿ, ಹಾಡೇ ಜನರ ಕಾವ್ಯಪರಿಚಯವಾಗಿರುವ ಕನ್ನಡದ ಸಂದರ್ಭದಲ್ಲಿ ಆ ಐದನೆಯ ಪ್ರಶ್ನೆಯೇ ಮೊದಲನೆಯದಾಗಬೇಕು.

ಹಕ್ಕುಸ್ವಾಮ್ಯದ ವಿಷಯದಲ್ಲಿಯೂ ಅಧ್ಯಾಪಕರ ಮಾರ್ಗದರ್ಶನ ಅವಶ್ಯ. 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಸಾಹಿತ್ಯಕೃತಿಯ ಹಕ್ಕು ಕವಿಯ ಮರಣಾನಂತರ 60 ವರ್ಷ ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. 2003ರಲ್ಲಿ ನಿಧನರಾದ ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳದ್ದು 2063ರವರೆಗೆ. ಷರೀಫರ ಪದಗಳು ಎಲ್ಲರ ಸ್ವತ್ತು; ಆದರೆ ಅವುಗಳಿಗೆ ಇತ್ತೀಚಿನವರು ಮಾಡಿದ ರಾಗಸಂಯೋಜನೆಗೂ ಧ್ವನಿಮುದ್ರಿಕೆಗೂ ಪ್ರತ್ಯೇಕ ಹಕ್ಕುಗಳಿವೆ. ಬೋಧನೆಯ ಭಾಗವಾಗಿ ತರಗತಿಯೊಳಗೆ ಕೃತಿಯನ್ನು ಬಳಸಲು ಕಾಯಿದೆಯ 52ನೆಯ ಕಲಂ ಕೆಲವು ವಿನಾಯಿತಿಗಳನ್ನು ಕೊಡುತ್ತದೆ. ಅದೇ ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದಾಗ ಮಾತು ಬೇರೆಯಾಗುತ್ತದೆ. ಕವಿಗೂ ಕವಿಯ ವಾರಸುದಾರರಿಗೂ ಹಕ್ಕಿದೆಯೆಂಬ ಅರಿವು ಸಾಹಿತ್ಯ ಶಿಕ್ಷಣದ ಹೊರಗಿನ ವಿಷಯವಲ್ಲ. ವಿದ್ಯಾರ್ಥಿಗಳೇ ಹಾಡಿ ಧ್ವನಿಮುದ್ರಿಸಿಕೊಂಡ ಜನಪದ ಗೀತೆಯನ್ನು ಬಳಸಲು ಪ್ರೋತ್ಸಾಹಿಸಿದರೆ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಹಾಡಿಕೊಟ್ಟವರ ಒಪ್ಪಿಗೆ ಪಡೆದು ಅವರ ಹೆಸರನ್ನು ತೆರೆಯ ಮೇಲೆ ತೋರಿಸುವ ಸೌಜನ್ಯವೂ ಕ್ಷೇತ್ರಕಾರ್ಯದ ಒಂದು ಪಾಠವಾಗುತ್ತದೆ.

ಈ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕನ್ನಡ ಅಧ್ಯಾಪಕರಿಗೆ ಕ್ಯಾಮೆರಾ, ಸಂಕಲನಗಳ ಪರಿಚಯವಿಲ್ಲ ಎಂಬುದು ಮೊದಲನೆಯದು. ಇದು ನಿಜವಾದರೂ ಅಡ್ಡಿಯಲ್ಲ. ಅವರಿಂದ ನಿರೀಕ್ಷಿಸುತ್ತಿರುವುದು ಯಂತ್ರಜ್ಞಾನವನ್ನಲ್ಲ, ಪಠ್ಯಜ್ಞಾನವನ್ನು. ಎರಡನೆಯದು ಹೆಚ್ಚು ತೂಕದ್ದು. ಕವಿತೆಗೆ ದೃಶ್ಯವನ್ನು ಅಂಟಿಸುವುದರಿಂದ ಓದುಗರ ಕಲ್ಪನೆ ಕುಗ್ಗುತ್ತದೆ, ಕನ್ನಡ ವಿಭಾಗ ಅದಕ್ಕೆ ಕೈಜೋಡಿಸುವುದು ತನ್ನ ನೆಲೆಯನ್ನೇ ಬಿಟ್ಟುಕೊಟ್ಟಂತೆ ಎಂಬ ಆತಂಕ ಅದು. ಸಿದ್ಧವಾದ ದೃಶ್ಯವನ್ನು ನೋಡುವವರ ಮಟ್ಟಿಗೆ ಈ ಆತಂಕ ಸರಿ. ಮಾಡುವವರ ಮಟ್ಟಿಗೆ ಅಲ್ಲ. ಒಂದು ಸಾಲಿಗೆ ಐದು ದೃಶ್ಯಗಳನ್ನು ಕಲ್ಪಿಸಿ ನಾಲ್ಕನ್ನು ಕೈಬಿಟ್ಟ ವಿದ್ಯಾರ್ಥಿ ಆ ಸಾಲನ್ನು ಐದು ಸಲವಾದರೂ ಓದಿರಬೇಕು. ತರಗತಿಯಲ್ಲಿ ಕವಿತೆಯ ಸಾರಾಂಶವನ್ನು ಬರೆದುಕೊಂಡು ಮರಳುವವರಿಗೆ ಅಷ್ಟು ಸಲದ ಓದು ಒದಗುವುದು ಕಷ್ಟ. ಮೇಲಾಗಿ ಕನ್ನಡ ವಿಭಾಗ ದೂರ ನಿಂತಮಾತ್ರಕ್ಕೆ ವಿಡಿಯೊಗಳು ನಿಲ್ಲುವುದಿಲ್ಲ. ಅರ್ಥದ ಹೊಣೆ ಹೊರುವವರಿಲ್ಲದೆ ನಡೆಯುತ್ತವೆ, ಅಷ್ಟೆ.

ಆದ್ದರಿಂದ ಎರಡೂ ವಿಭಾಗಗಳು ಕೂಡಿ ಮೂರು ಸರಳ ಕ್ರಮಗಳನ್ನು ರೂಢಿಸಿಕೊಳ್ಳಬಹುದು. ಚಿತ್ರೀಕರಣಕ್ಕೆ ಮುನ್ನ ಹಾಡಿನ ಪಾಠವನ್ನು ಮುದ್ರಿತ ಆಕರದೊಡನೆ ಹೋಲಿಸಿ, ಪ್ರತಿ ನುಡಿಯ ಅರ್ಥವನ್ನು ಕನ್ನಡದಲ್ಲಿ ಎರಡು ಪುಟ ಮೀರದಂತೆ ಬರೆದು ಕನ್ನಡ ಅಧ್ಯಾಪಕರೊಡನೆ ಚರ್ಚಿಸುವುದು ಮೊದಲನೆಯದು. ಸಂಕಲನದ ಬಳಿಕ ಗ್ರಂಥಸಂಪಾದನೆಯ ಮಾದರಿಯಲ್ಲಿ, ಕನಿಷ್ಠ ಹತ್ತು ಕಡೆಗಳಲ್ಲಿ ಕೈಬಿಟ್ಟ ಶಾಟ್‌ಗಳನ್ನೂ ಕೈಬಿಟ್ಟ ಕಾರಣವನ್ನೂ ದಾಖಲಿಸುವ ‘ದೃಶ್ಯ ಪಾಠಾಂತರ ಸೂಚಿ’ಯನ್ನು ಒಪ್ಪಿಸುವುದು ಎರಡನೆಯದು. ಮೌಲ್ಯಮಾಪನದಲ್ಲಿ ಈ ಎರಡು ಬರಹಗಳಿಗೆ ನಿಗದಿತ ಅಂಕವಿಟ್ಟು, ಅದನ್ನು ಕೊಡುವ ಅಧಿಕಾರವನ್ನು ಕನ್ನಡ ಅಧ್ಯಾಪಕರಿಗೆ ಬಿಡುವುದು ಮೂರನೆಯದು. ಇವುಗಳಿಗೆ ಹೊಸ ಹುದ್ದೆಯಾಗಲಿ ಉಪಕರಣವಾಗಲಿ ಬೇಕಿಲ್ಲ. ಬೇಕಾದದ್ದು, ತೆರೆಯ ಮೇಲೆ ಬರುವ ಕನ್ನಡವೂ ತನ್ನದೇ ಪಠ್ಯವೆಂದು ಕನ್ನಡ ವಿಭಾಗ ಒಪ್ಪಿಕೊಳ್ಳುವುದು. ಕಾವ್ಯವನ್ನು ಪುಸ್ತಕದಲ್ಲಿ ಮಾತ್ರ ಕಾಯುತ್ತ ಕುಳಿತರೆ, ಅದು ಪುಸ್ತಕದಿಂದ ಹೊರಗೆ ಹೋದ ಮೇಲೆ ಏನಾಯಿತೆಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ.