ಬಸುರಿಯ ಮೇಲೆ ಬೀಳುವ ಏಟೂ ಲೆಕ್ಕಕ್ಕೆ ಬರಲಿ



ಹೋಳೂರಿನ ಹಳ್ಳಿಗಳಲ್ಲಾಗಲಿ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಲ್ಲಾಗಲಿ, ಬಸುರಿ ಹೆಂಗಸಿಗೆ ಆಸ್ಪತ್ರೆಯಲ್ಲಿ ತಾಯಿ ಕಾರ್ಡ್ ಕೊಡುತ್ತಾರೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಬರೆಯುತ್ತಾರೆ. ವಯಸ್ಸು 18 ತುಂಬದಿರುವುದು ಅಥವಾ 35 ದಾಟಿರುವುದು, ಹಿಂದೆ ಸಿಸೇರಿಯನ್ ಆಗಿರುವುದು, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, 140/90 ಮುಟ್ಟಿದ ರಕ್ತದೊತ್ತಡ, ಇವೆಲ್ಲ ಅಪಾಯದ ಗುರುತುಗಳು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಜೀವಕ್ಕೇ ಅಪಾಯ.

ಈ ಗುರುತುಗಳು ಎಲ್ಲಿಂದ ಬರುತ್ತವೆಂದು ಯೋಚಿಸಿದ್ದೀರಾ? ಹುಡುಗಿ ಚಿಕ್ಕವಳಾದರೆ ವರದಕ್ಷಿಣೆ ಕಡಿಮೆ ಎಂದು 18 ತುಂಬುವ ಮೊದಲೇ ಮದುವೆ ಮಾಡುತ್ತೇವೆ. ನಸುಕಿನಲ್ಲೆದ್ದು ಹಾಲು ಕರೆದು ಡೇರಿಗೆ ಹಾಕಿ, ತೋಟದಲ್ಲಿ ಟೊಮೇಟೊ ಬಿಡಿಸಿ ಬಂದವಳು ಎಲ್ಲರೂ ಉಂಡ ಮೇಲೆ ಉಳಿದ ಮುದ್ದೆ, ತಿಳಿಸಾರು ಉಣ್ಣುತ್ತಾಳೆ. ರಕ್ತ ಎಲ್ಲಿಂದ ಬರಬೇಕು?

ಇನ್ನೊಂದು ಅಪಾಯವನ್ನು ಯಾವ ಯಂತ್ರವೂ ಅಳೆಯುವುದಿಲ್ಲ. ಸೀಮಂತಕ್ಕೆ ತವರಿನಿಂದ ಬಂದದ್ದು ಸಾಲದೆಂದು, ಹೆಣ್ಣೇ ಹುಟ್ಟುತ್ತದೆಂದು ಬಸುರಿಗೆ ಏಟು ಬೀಳುತ್ತದೆ. ಇದರಿಂದ ಗರ್ಭಪಾತ, ರಕ್ತಸ್ರಾವ, ದಿನ ತುಂಬದ ಹೆರಿಗೆ ಆಗಬಹುದು. ಮಗು ತೂಕವಿಲ್ಲದೆ ಹುಟ್ಟಬಹುದು. ಕೇಳಿದರೆ "ಜಾರಿ ಬಿದ್ದೆ" ಎನ್ನುತ್ತಾಳೆ.

ಅತ್ತೆಯರೂ ನಮ್ಮ ಸಂಘದ ಸದಸ್ಯೆಯರೇ. ಸೀಮಂತದ ಒಡವೆಗೆಂದು ತಾಯಂದಿರು ಸಾಲ ಕೇಳಿದಾಗ ಉಳಿತಾಯದ ಹಣ ಕೊಡುವವರೂ ನಾವೇ. ಹೀಗಿರುವಾಗ ಇದು ಅವರವರ ಮನೆಯ ವಿಷಯವೆಂದು ಸುಮ್ಮನಿರಲಾದೀತೇ?

ಪ್ರತಿ ಸಭೆಯಲ್ಲೂ ಊರಿನ ಬಸುರಿಯರ ಯೋಗಕ್ಷೇಮ ವಿಚಾರಿಸೋಣ. ಏಟಿನ ಮಾತನ್ನು ಮಾತ್ರ ಅವಳೊಬ್ಬಳೇ ಇರುವಾಗ ಕೇಳೋಣ. ಅವಳ ಒಪ್ಪಿಗೆಯಿಲ್ಲದೆ ಬಾಯಿ ಬಿಡುವುದು ಬೇಡ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆಯಿದೆ. ಒಬ್ಬರಾದರೂ ಜೊತೆಗೆ ಹೋಗೋಣ. ರಕ್ತ ಹೋಗುವುದು, ಫಿಟ್ಸ್, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಗಂಡನ ಅಪ್ಪಣೆಗೆ ಕಾಯದೆ 108ಕ್ಕೆ ಫೋನ್ ಮಾಡಬೇಕು.

ಹಣ ತಾ ಎಂದು ಹೆಂಡತಿಯನ್ನು ಹಿಂಸಿಸುವುದು ಹಿಂದೆ 498ಎ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈನಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಿನಲ್ಲಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು ಅವಳಿಗೆ ಆ ಮನೆಯಲ್ಲೇ ಇರುವ ಹಕ್ಕು ಕೊಟ್ಟಿದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಮುಂದಿನ ಸಭೆಯಲ್ಲೇ ಒಂದು ತೀರ್ಮಾನ ಬರೆಯೋಣ: ಸೀಮಂತದ ಒಡವೆಗೆ ಸಂಘದ ಸಾಲವಿಲ್ಲ, ಬಸುರಿಯ ಆಸ್ಪತ್ರೆ ಖರ್ಚಿಗೆ ಅದೇ ದಿನ ಸಾಲ.