ಔಷಧ ಪೆಟ್ಟಿಗೆ: ರುಬ್ ಅಲ್ ಖಾಲಿಗೆ ಹೊರಡುವ ಮೊದಲು



ರಜೆ ಎಂದರೆ ನಮಗೆಲ್ಲ ಊರು. ಮದುವೆ, ಗೃಹಪ್ರವೇಶ, ಬ್ಯಾಂಕು, ತಾಲ್ಲೂಕು ಕಚೇರಿ ಎಲ್ಲ ಮುಗಿಸುವಷ್ಟರಲ್ಲಿ ವಾಪಸ್ ವಿಮಾನದ ದಿನ ಬಂದಿರುತ್ತದೆ. ಹದಿನೈದು, ಇಪ್ಪತ್ತು ವರ್ಷ ದುಡಿದ ಈ ನೆಲವನ್ನು ನೋಡದೆಯೇ ಮರಳಿದವರು ನಮ್ಮಲ್ಲಿ ಎಷ್ಟೋ ಮಂದಿ. ಅದಕ್ಕೇ ಈ ಸಲ ಡಿಸೆಂಬರ್ ಮೊದಲ ವಾರದ ರಾಷ್ಟ್ರೀಯ ದಿನದ ರಜೆಗೆ ನಾವು ಆರು ಮಂದಿ ಅಬುಧಾಬಿಯಿಂದ ಲಿವಾಕ್ಕೆ, ಅಲ್ಲಿಂದ ಮುಂದೆ ರುಬ್ ಅಲ್ ಖಾಲಿಯ ಅಂಚಿಗೆ ಹೊರಡಲು ನಿಶ್ಚಯಿಸಿದ್ದೇವೆ. ಇಬ್ಬರು ಡ್ರೈವರ್, ಒಬ್ಬರು ಎ.ಸಿ. ಮೆಕ್ಯಾನಿಕ್, ಒಬ್ಬರು ಅಡುಗೆಯವರು, ಒಬ್ಬರು ಲೆಕ್ಕಪತ್ರದವರು, ಜತೆಗೆ ಆಸ್ಪತ್ರೆಯ ಔಷಧಾಲಯದಿಂದ ಈ ಅಂಕಣ. ಎರಡು ರಾತ್ರಿ, ಮೂರು ಹಗಲು.

ಅರಬ್ಬಿಯ 'ಖಾಲಿ'ಯೇ ನಮ್ಮ ಕನ್ನಡದ ಖಾಲಿ. ಹೆಸರಿನ ಅರ್ಥ 'ಖಾಲಿ ಕಾಲುಭಾಗ'. ವಿಸ್ತೀರ್ಣ ಸುಮಾರು 6,50,000 ಚದರ ಕಿ.ಮೀ. ನಮ್ಮ ಕರ್ನಾಟಕ ಸುಮಾರು 1,92,000 ಚದರ ಕಿ.ಮೀ. ಅಂದರೆ ಮೂರು ಕರ್ನಾಟಕ ಹಿಡಿಸಿ ಇನ್ನೂ ಜಾಗ ಉಳಿಯುವಷ್ಟು ಮರಳು. ಸೌದಿ, ಒಮಾನ್, ಯೆಮನ್ ಮತ್ತು ಯು.ಎ.ಇ. ನಾಲ್ಕೂ ದೇಶಗಳಲ್ಲಿ ಹರಡಿದೆ. ಬರ್ಟ್ರಂ ಥಾಮಸ್ 1930ರ ಡಿಸೆಂಬರಿನಲ್ಲಿ ಸಲಾಲಾದಿಂದ ಹೊರಟು 1931ರ ಫೆಬ್ರವರಿಯಲ್ಲಿ ದೋಹಾ ತಲುಪಿದರು. ಇದನ್ನು ದಾಟಿದ ಮೊದಲ ಯುರೋಪಿಯನ್ ಅವರೇ. 1946ರಿಂದ 1948ರ ನಡುವೆ ವಿಲ್ಫ್ರೆಡ್ ಥೆಸಿಗರ್ ಎರಡು ಸಲ ದಾಟಿದರು. ಇಬ್ಬರೂ ಹೊರಟದ್ದು ಚಳಿಗಾಲದಲ್ಲಿ, ಬಾವಿಗಳ ಜಾಗ ಬಲ್ಲ ಬೆದೂಯಿನ್ ಜನರ ಜತೆ. ಅವರಿಲ್ಲದೆ ಒಂದು ಹೆಜ್ಜೆಯೂ ಸಾಗುತ್ತಿರಲಿಲ್ಲ. ನಮ್ಮ ಯೋಜನೆಗೂ ಇವೇ ಎರಡು ನಿಯಮ: ಬೇಸಿಗೆಯಲ್ಲಿ ಬೇಡ, ಗೊತ್ತಿರುವವರಿಲ್ಲದೆ ಬೇಡ.

ದಾರಿಯ ಮಾತು ಚಿಕ್ಕದು. ಮದೀನತ್ ಜಾಯೆದ್ ದಾಟಿ ಮುಜೈರಾಕ್ಕೆ ಒಳ್ಳೆಯ ಡಾಂಬರು ರಸ್ತೆಯಿದೆ. ಅಲ್ಲಿಂದ ತಲ್ ಮೊರೀಬ್ ಎಂಬ, ಸುಮಾರು 300 ಮೀಟರ್ ಎತ್ತರದ ಮರಳು ದಿಬ್ಬದ ಬುಡದ ತನಕವೂ ಡಾಂಬರು ಇದೆ. ಫೋರ್ ವೀಲ್ ಇಲ್ಲದವರು ಅಲ್ಲಿಗೇ ಹೋಗಿ ಸೂರ್ಯಾಸ್ತ ನೋಡಿ ಬಂದರೂ ಸಾರ್ಥಕ. ಮರಳಿಗೆ ಇಳಿಯುವವರು ಒಂದೇ ಗಾಡಿಯಲ್ಲಿ ಇಳಿಯಬೇಡಿ. ಒಂದು ಹೂತರೆ ಎಳೆಯಲು ಇನ್ನೊಂದು ಬೇಕು. ಟೈರಿನ ಗಾಳಿ 15ರಿಂದ 18 ಪಿ.ಎಸ್.ಐ.ಗೆ ಇಳಿಸಬೇಕು, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಲು ಕಂಪ್ರೆಸರ್ ಇರಬೇಕು. ಬಾಡಿಗೆ ಗಾಡಿಯಾದರೆ ವಿಮೆಯ ಕಾಗದ ಓದಿ. ಮರಳಿಗಿಳಿದರೆ ವಿಮೆ ಇಲ್ಲ ಎಂಬ ಷರತ್ತು ಸಾಮಾನ್ಯ. ಫೋನಿಗೆ ಸಿಗ್ನಲ್ ಇರುವುದಿಲ್ಲ ಎಂದೇ ತಿಳಿದು ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ರೂಮಿನಲ್ಲಿ ಉಳಿದವರಿಗೆ ಬರೆದು ಕೊಡಿ. ದಾರಿ ತಪ್ಪಿದರೆ ಗಾಡಿ ಬಿಟ್ಟು ನಡೆಯಲೇಬೇಡಿ. ಹುಡುಕುವವರಿಗೆ ಮನುಷ್ಯನಿಗಿಂತ ಗಾಡಿ ಬೇಗ ಕಾಣುತ್ತದೆ.

ನೀರಿನ ಲೆಕ್ಕ ಹೀಗೆ: ತಲೆಗೆ ದಿನಕ್ಕೆ 5 ಲೀಟರ್, ಆರು ಮಂದಿಗೆ 30 ಲೀಟರ್, ಮೂರು ದಿನಕ್ಕೆ 90. ಸಿಕ್ಕಿಹಾಕಿಕೊಂಡರೆಂದು ಒಂದು ದಿನದ್ದು ಸೇರಿಸಿ 120. ಐದು ಗ್ಯಾಲನಿನ ಬಾಟಲಿಯಲ್ಲಿ ಸುಮಾರು 19 ಲೀಟರ್ ಹಿಡಿಯುತ್ತದೆ, ಆದ್ದರಿಂದ ಏಳು ಬಾಟಲಿ. ಎರಡೂ ಗಾಡಿಗೆ ಹಂಚಿ ಇಡುತ್ತೇವೆ.

ಇಷ್ಟೆಲ್ಲ ಲೆಕ್ಕ ಹಾಕುತ್ತಿದ್ದಾಗ ನಮ್ಮ ಅಡುಗೆಯ ಅಣ್ಣ, ಪುತ್ತೂರಿನವರು, "ನಂಗೆ ಬೇಡ ಮಾರಾಯ್ರೆ, ನೀವು ಹೋಗಿ ಬನ್ನಿ" ಅಂದರು. ದುಡ್ಡಿನ ತೊಂದರೆಯೋ ಎಂದು ಕೇಳಿದೆವು. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟರು. ಎರಡು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ. ಒಂದೇ ರೂಮಿನಲ್ಲಿ ಮಲಗುವ ನಮಗೆ ಗೊತ್ತಿಲ್ಲ. "ಕಂಪನಿಗೆ ಗೊತ್ತಾದ್ರೆ ಕೆಲಸ ಹೋಗ್ತದೆ ಅಂತ ಯಾರಿಗೂ ಹೇಳಿಲ್ಲ" ಅಂದರು. ಔಷಧಾಲಯದ ಕಿಟಕಿಯಲ್ಲಿ ನಿಂತ ನಮಗೆ ಈ ಹೆದರಿಕೆ ಹೊಸದಲ್ಲ. ಪೆನ್ನನ್ನು ಹೆಸರಿಲ್ಲದ ಚೀಲದಲ್ಲಿ ಹಾಕಿಕೊಡಿ ಎಂದು ಪಿಸುಗುಟ್ಟುವವರು ಇದ್ದಾರೆ. ಆದರೆ ರೂಮಿನವರಿಗೂ ಹೇಳದಿದ್ದರೆ, ಸಕ್ಕರೆ ಇಳಿದು ಬಿದ್ದ ದಿನ ಕುಡಿದು ಮಲಗಿದ್ದಾನೆ ಎಂದುಕೊಳ್ಳುತ್ತಾರೆ. ಸಿಗ್ನಲ್ ಇಲ್ಲದ ಮರಳಿನಲ್ಲಿ ಹಾಗಾದರೆ ಜೀವಕ್ಕೇ ಅಪಾಯ.

ಅಣ್ಣ ಬರುತ್ತಿದ್ದಾರೆ. ಮೊದಲು ಅವರ ವೈದ್ಯರನ್ನು ಕಂಡು ಡೋಸಿನ ಬಗ್ಗೆ ಕೇಳಿದ್ದಾಯಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಸುತ್ತಿರುವ ಪೆನ್ನನ್ನು 30 ಡಿಗ್ರಿಯ ಒಳಗೆ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು, ನಿಮ್ಮದರ ಅವಧಿಯನ್ನು ಡಬ್ಬಿಯ ಚೀಟಿಯಲ್ಲಿ ನೋಡಿ. ಐಸಿನ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಿಸಾಡಬೇಕು. ಬಟ್ಟೆ ಸುತ್ತಿ ಕೂಲ್ ಬ್ಯಾಗಿನಲ್ಲಿಡಿ, ಡ್ಯಾಶ್‌ಬೋರ್ಡಿನಲ್ಲಿ ಬೇಡ. ಹೂತ ಗಾಡಿ ತಳ್ಳುವುದು, ಊಟ ತಡವಾಗುವುದು, ಇವೆರಡೂ ಸಕ್ಕರೆ ಇಳಿಸುತ್ತವೆ. ಬೆವರು, ನಡುಕ, ತೊದಲು ಮಾತು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಿಗೆ ಮಲಗಿಸಿ ಸಹಾಯಕ್ಕೆ ಧಾವಿಸಿ. ಯು.ಎ.ಇ.ಯಲ್ಲಿ ಆಂಬುಲೆನ್ಸಿಗೆ 998, ಪೊಲೀಸರಿಗೆ 999.

ಉಳಿದವರಿಗೂ ನಾಲ್ಕು ಮಾತು. ಸೊಂಟ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಅಭ್ಯಾಸ ನಮ್ಮ ಡ್ರೈವರುಗಳಿಗಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ. ಓ.ಆರ್.ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಒಮಾನ್ ಕಡೆ ಗಡಿ ದಾಟುವವರು ವೀಸಾ ಮತ್ತು ಗಾಡಿಯ ಒಮಾನ್ ವಿಮೆಯ ಜತೆ ಔಷಧದ ಚೀಟಿಯನ್ನೂ ಇಟ್ಟುಕೊಳ್ಳಿ. ಊರಿನಿಂದ ತಂದ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆ ಇಲ್ಲಿ ನಿಯಂತ್ರಿತ ಔಷಧಗಳು. ಚೀಟಿಯಿಲ್ಲದೆ ಸಿಕ್ಕಿದರೆ ಜೈಲಿನ ಮಾತಾಗಬಹುದು.

ಕೊನೆಗೆ ನಾವು ಮಾಡಿದ ಒಂದು ಕೆಲಸ ನೀವೂ ಮಾಡಿ. ಆರು ಚೀಟಿ ಬರೆದೆವು: ಹೆಸರು, ರಕ್ತದ ಗುಂಪು, ಕಾಯಿಲೆ, ಮಾತ್ರೆ, ಅಲರ್ಜಿ, ಊರಿನ ಒಂದು ಫೋನ್ ನಂಬರು. ಒಬ್ಬೊಬ್ಬರ ಚೀಟಿಯನ್ನೂ ಜತೆಗಾರರೆಲ್ಲ ಓದಿ, ಆಮೇಲೆ ಔಷಧ ಪೆಟ್ಟಿಗೆಯಲ್ಲಿ ಇಟ್ಟೆವು. ಆಗ ಹೊರಬಂದದ್ದು ಅಣ್ಣನ ಸಕ್ಕರೆಯೊಂದೇ ಅಲ್ಲ. ಇಬ್ಬರಿಗೆ ಬಿ.ಪಿ., ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ. ಪ್ರವಾಸಕ್ಕೆ ಹೋಗದಿದ್ದರೂ ಚಿಂತೆಯಿಲ್ಲ, ಈ ವಾರವೇ ನಿಮ್ಮ ರೂಮಿನಲ್ಲಿ ಕೂತು ಈ ಚೀಟಿ ಬರೆಯಿರಿ.