ಚೂರಮೀನಿನ ಬೇಟೆ ಮತ್ತು ಎರೆಮೀನಿನ ಲೆಕ್ಕ

ಮೀನು ತಣ್ಣನೆಯ ನೆತ್ತರಿನ ಪ್ರಾಣಿಯೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಟ್ಯೂನಾ ಮೀನು ಈ ನಿಯಮಕ್ಕೆ ಅಪವಾದ. ವಿಜ್ಞಾನಿ ಹಂಫ್ರಿ ಡೇವಿಯ ಸಹೋದರನಾದ ಜಾನ್ ಡೇವಿಯು ೧೮೩೫ರಲ್ಲಿ ಪ್ರಕಟಿಸಿದ ಅಳತೆಯಂತೆ, ಈ ವರ್ಗದ ಮೀನೊಂದರ ಒಡಲು ಸುತ್ತಣ ಸಮುದ್ರಕ್ಕಿಂತ ಸುಮಾರು ೧೦ ಡಿಗ್ರಿ ಸೆಂಟಿಗ್ರೇಡ್ ಹೆಚ್ಚು ಬಿಸಿಯಾಗಿದ್ದಿತು. ಇದರ ಕಾರಣವು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಯತಕ್ಕದ್ದು. ಸ್ನಾಯುಗಳಿಂದ ಮರಳುವ ಬಿಸಿರಕ್ತದ ನಾಳಗಳೂ ಕಿವಿರುಗಳಿಂದ ಬರುವ ತಂಪುರಕ್ತದ ನಾಳಗಳೂ ಒತ್ತೊತ್ತಾಗಿ, ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತವೆ. ಶಾಖವು ಮೊದಲನೆಯದರಿಂದ ಎರಡನೆಯದಕ್ಕೆ ದಾಟಿ, ನೀರಿನ ಪಾಲಾಗದೆ ಒಡಲಿನಲ್ಲಿಯೇ ಉಳಿಯುತ್ತದೆ.

ಇಂತಹ ಯಂತ್ರಕ್ಕೆ ಇಂಧನವೂ ಹೆಚ್ಚು ಬೇಕು. ಈಜು ನಿಂತರೆ ಕಿವಿರುಗಳಿಗೆ ಸಾಕಷ್ಟು ನೀರು ಹಾಯದು. ಆದುದರಿಂದ ಟ್ಯೂನಾ ಹಗಲಿರುಳೂ ಈಜುತ್ತದೆ, ಆಹಾರವನ್ನು ಅರಸುತ್ತಲೇ ಇರುತ್ತದೆ. ಲಕ್ಷದ್ವೀಪದ ಮೀನುಗಾರರು ನಂಬಿರುವುದು ಈ ಹಸಿವನ್ನೇ.

ಈ ದ್ವೀಪಗಳಲ್ಲಿ ಅಮೀನಿ ಮೊದಲಾದವು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿ ಟ್ಯೂನಾವನ್ನು ಚೂರ ಎನ್ನುತ್ತಾರೆ. ಮಿನಿಕಾಯ್ ದ್ವೀಪದಲ್ಲಿ ಬಹುಕಾಲದಿಂದ ನಡೆದುಬಂದ ವಿಧಾನವೇ ಇಂದು ಇತರ ದ್ವೀಪಗಳಲ್ಲಿಯೂ ರೂಢಿಯಲ್ಲಿದೆ. ಹವಳದ ದಿಬ್ಬಗಳು ಆವರಿಸಿರುವ ಆಳವಿಲ್ಲದ ಲಗೂನಿನಲ್ಲಿ, ಬೆರಳುದ್ದದ ಪುಟ್ಟ ಮೀನುಗಳನ್ನು ಮೊದಲು ಬಲೆಯಿಂದ ಹಿಡಿದು, ದೋಣಿಯ ತೊಟ್ಟಿಯಲ್ಲಿ ಜೀವಂತವಾಗಿಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಚೂರಮೀನಿನ ಹಿಂಡು ಕಂಡೊಡನೆ ಅವನ್ನು ನೀರಿಗೆ ಎರಚುತ್ತಾರೆ. ಹಿಂಡು ಆಹಾರಕ್ಕೆ ಮುಗಿಬಿದ್ದಾಗ, ಮುಳ್ಳಿಲ್ಲದ ಗಾಳ ಕಟ್ಟಿದ ಕೋಲುಗಳಿಂದ ಒಂದೊಂದೇ ಮೀನನ್ನು ಎತ್ತಿ ದೋಣಿಗೆ ಹಾಕುತ್ತಾರೆ.

ದೋಣಿಗಳು ಹೆಚ್ಚಿದರೆ ಮೀನೂ ಹೆಚ್ಚುವುದೆಂದು ವಾದಿಸುವವರುಂಟು. ಈ ಲೆಕ್ಕ ಅಪೂರ್ಣವೆಂದು ನಮ್ಮ ಅಭಿಪ್ರಾಯ. ಅಲ್ಲಿ ಹೆಚ್ಚಾಗಿ ಸಿಕ್ಕುವ ಸ್ಕಿಪ್‌ಜಾಕ್ ಜಾತಿಯ ಚೂರವು ಬೇಗನೆ ಬೆಳೆದು, ಬೆಚ್ಚನೆಯ ಕಡಲಿನಲ್ಲಿ ವರ್ಷವಿಡೀ ಮೊಟ್ಟೆಯಿಡಬಲ್ಲದು. ತಕ್ಕಮಟ್ಟಿನ ಬೇಟೆಯಿಂದಾದ ನಷ್ಟವನ್ನು ಅದು ತುಂಬಿಕೊಳ್ಳುತ್ತದೆ. ಅದರ ಸಂಚಾರಕ್ಕೆ ಮಹಾಸಾಗರವೇ ಇದೆ. ಎರೆಮೀನಿಗಾದರೋ ದ್ವೀಪದ ಸುತ್ತಣ ಹವಳ ಮತ್ತು ಲಗೂನು ಇವಿಷ್ಟೇ ಆಶ್ರಯ. ೧೯೯೮, ೨೦೧೦, ೨೦೧೬ ಮತ್ತು ೨೦೨೪ರಲ್ಲಿ ಸಮುದ್ರದ ನೀರು ಮಿತಿಮೀರಿ ಕಾದುದರಿಂದ ಅಲ್ಲಿನ ಹವಳಗಳು ಬಿಳಿಚಿದುವು, ಬಹುಭಾಗ ಸತ್ತೂಹೋಯಿತು. ಎರೆಯಿಲ್ಲದ ದಿನ, ಹೊರಗಡಲಿನಲ್ಲಿ ಮೀನು ಎಷ್ಟೇ ಇರಲಿ, ಗಾಳದ ದೋಣಿ ದಡದಲ್ಲಿಯೇ ನಿಲ್ಲಬೇಕು.

ಆದುದರಿಂದ ಹಿಡಿದ ಚೂರಮೀನನ್ನು ತೂಗಿ ಬರೆದಿಡುವಂತೆ, ಬಳಸಿದ ಎರೆಮೀನಿನ ಲೆಕ್ಕವನ್ನೂ ಪ್ರತಿಯೊಂದು ದ್ವೀಪದಲ್ಲಿ ಇಡಬೇಕು. ಲಗೂನಿನ ಹೂಳೆತ್ತುವ, ದಂಡೆಯನ್ನು ಕಟ್ಟುವ ಯೋಜನೆಗಳನ್ನು ಒಪ್ಪುವ ಮುನ್ನ ಈ ಲೆಕ್ಕವನ್ನು ನೋಡಬೇಕು. ಇದಕ್ಕೆ ದುಬಾರಿ ಉಪಕರಣಗಳು ಬೇಕಿಲ್ಲ. ತಕ್ಕಡಿ, ಉಷ್ಣಮಾಪಕ, ದಿನಚರಿಯ ಪುಸ್ತಕ ಮತ್ತು ತಾಳ್ಮೆ ಸಾಕು. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಈ ಕೆಲಸವನ್ನು ಕೈಗೊಳ್ಳಲಿ ಎಂದು ನಾವು ಆಶಿಸುತ್ತೇವೆ.